ದೊಡ್ಡಪಾಲಯ್ಯನ ಕಿವಿ

ಮಗ್ಗ ನಿಂತಿತು.

ದೊಡ್ಡಪಾಲಯ್ಯ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ಮಗ್ಗದ ಕೋಣೆಯ ಮುಚ್ಚಿದ ಬಾಗಿಲ ಕಡೆ ತಲೆ ವಾಲಿಸಿದ. ಪಡಸಾಲೆಯಲ್ಲಿ ಕೂತಿದ್ದ ಗೆಳೆಯರಿಬ್ಬರೂ ಅತ್ತಲೇ ತಿರುಗಿದರು.

"ಕಂಡಿಕೆ ಮುಗಿದಿರ್ಬೇಕು," ಎಂದಳು ಹೆಂಡತಿ ಚಿನ್ನಕ್ಕ. ರೇಷ್ಮೆ ಸುತ್ತಿದ ಕಂಡಿಕೆಗಳ ಪುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಅವಳ ಬೆನ್ನಿಗೇ ಮುಚ್ಚಿತು. ಒಂದು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು. ಮತ್ತೆ ಲಾಳಿ ಓಡಿತು, ಹಲಗೆ ಬಡಿಯಿತು. ಟಕ್ಕ-ಟಕ, ಟಕ್ಕ-ಟಕ.

ದೊಡ್ಡಪಾಲಯ್ಯ ಉಸಿರು ಬಿಟ್ಟ.

ಮೊಳಕಾಲ್ಮೂರಿನಲ್ಲಿ ಮೈಕ್‌ಸೆಟ್ ಇಟ್ಟಿದ್ದ ಅವನ ಕಿವಿಗೆ ದೊಡ್ಡ ಹೆಸರು. ಗುಡಿಯಲ್ಲಿ ಭಜನೆ ನಡೆದರೆ, ಯಾರ ಕೈಯ ತಾಳ ಬಿರುಕು ಬಿಟ್ಟಿದೆ ಎಂದು ಬೀದಿಯಲ್ಲೇ ನಿಂತು ಹೇಳುತ್ತಿದ್ದ. ದೇವರು ಕೊಟ್ಟ ಕಿವಿ ಎನ್ನುತ್ತಿದ್ದರು ಮಂದಿ. ಅವನೂ ಹಾಗೆಯೇ ನಂಬಿದ್ದ. ಕೊಟ್ಟವನ ಮುಂದೆ ತಗ್ಗಿ ನಡೆಯಬೇಕು ಎಂಬುದೊಂದನ್ನು ಮಾತ್ರ ಮರೆತಿದ್ದ.

ಇವತ್ತು ಆ ಕಿವಿಗೆ ಎರಡು ಕೆಲಸ. ಒಂದು, ಮಹಾಂತೇಶ ತಂದ ಹೊಸ ಹೆಡ್‌ಫೋನಿನ ಪರೀಕ್ಷೆ. ಇನ್ನೊಂದು, ಮಗಳ ಕಾವಲು. ದುರ್ಗದಲ್ಲಿ ಇವತ್ತು ಹೆಣ್ಣು ಪೊಲೀಸರ ಆಯ್ಕೆಯ ಓಟ. ರೂಪಳಿಗೂ ಕರೆ ಬಂದಿತ್ತು. ಇವತ್ತು ತಪ್ಪಿದರೆ ತಪ್ಪಿತು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಅಪ್ಪ ಒಂದೇ ಮಾತಲ್ಲಿ ಮುಗಿಸಿದ್ದ: "ನಾಕು ಜನದ ಮುಂದೆ ಪ್ಯಾಂಟ್ ಹಾಕ್ಕೊಂಡು ಓಡೋದು ನಮ್ಮ ವಂಶದಾಗಿಲ್ಲ."

ಮಗಳು ಅಳಲಿಲ್ಲ. ಕಣ್ಣಿಗೆ ಕಣ್ಣು ಕೊಟ್ಟು, "ಆಯ್ತಪ್ಪ. ಮಗ್ಗದ ಸದ್ದು ನಿಲ್ಲಲ್ಲ, ಕೇಳಿಸ್ಕೋ," ಎಂದಿದ್ದಳು.

ಬೆಳಿಗ್ಗೆ ಅವನನ್ನು ಎಬ್ಬಿಸಿದ್ದೂ ಆ ಸದ್ದೇ.

"ಲೇ ಪಾಲಯ್ಯ, ಮಗ್ಗ ಆಮೇಲೆ ಕೇಳೀಯಂತೆ, ಇದನ್ನ ನೋಡೋ!" ಮಹಾಂತೇಶನಿಗೆ ತಾಳ್ಮೆ ತಪ್ಪಿತ್ತು. "ಜರ್ಮನಿ ಮಾಲು. ನಮ್ಮ ಷಡ್ಕ ದುಬೈಯಿಂದ ತಂದಿದ್ದು. ಬೆಳ್ಳಿ ಬಣ್ಣ, ತೊಗಲಿನ ದಿಂಬು. ತಲೆಮ್ಯಾಲೆ ಕಿರೀಟ ಇಟ್ಟಂಗೈತೆ."

ಚಳ್ಳಕೆರೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಲೋಹಿತ, ತಾನು ತಂದಿದ್ದ ಕರೀ ಹೆಡ್‌ಫೋನನ್ನು ಮುಂದೆ ಸರಿಸಿ ಮೂಗು ಮುರಿದ. "ಕಿರೀಟದಿಂದ ಕಿವಿ ಕೇಳ್ತೈತೇನಣ್ಣ? ಹಿಂದ್ಗಡೆ ನೋಡು, ಬರೀ ಜಾಲರಿ. ಒಳಗಿನ ಹಾಡು ಹೊರಗೆ ಸೋರ್ತೈತೆ, ಹೊರಗಿನ ಗಲಾಟೆ ಒಳಗೆ ನುಗ್ತೈತೆ. ಅಷ್ಟು ದುಡ್ಡು ಸುರಿದು ಜರಡಿ ತರಿಸಿದೀಯ."

"ಜರಡಿ ಅಂತೀಯಾ? ಬಯಲಾಗೆ ಕೂತು ಹಾಡು ಕೇಳಿದಂಗೆ ಇರ್ತೈತೆ ಕಣಲೇ. ನಿನ್ನ ಆ ಕರೀ ಡಬ್ಬಿ ಹಾಕ್ಕೊಂಡ್ರೆ ಬಾವ್ಯಾಗೆ ಬಿದ್ದಂಗೆ."

"ಬಾವ್ಯಾಗೆ ಬಿದ್ರೂ ತಬಲ ತಬಲಾನೇ ಕೇಳ್ತೈತೆ. ನಿನ್ನದ್ರಾಗೆ ತಗಡು."

ಒಳಗಿಂದ ಬಂದ ಚಿನ್ನಕ್ಕ ಬಾಗಿಲ ಬಳಿಯೇ ಕೂತಿದ್ದಳು. "ಆ ಕರೇದೇ ಒಳ್ಳೇದು ಅನ್ನಿಸ್ತೈತೆ," ಎಂದಳು. "ಕಿವಿ ಪೂರ್ತಿ ಮುಚ್ತೈತೆ."

"ನಿಂಗೇನೇ ಗೊತ್ತೈತೆ ಸೌಂಡು?"

"ಸೌಂಡು ಗೊತ್ತಿಲ್ರಿ. ನಿಮ್ಮ ಕಿವಿ ಗೊತ್ತೈತೆ."

ಗೆಳೆಯರು ನಕ್ಕರು. ದೊಡ್ಡಪಾಲಯ್ಯ ಬೆಳ್ಳಿ ಬಣ್ಣದ್ದನ್ನೇ ಮತ್ತೆ ಏರಿಸಿಕೊಂಡ. "ಇದೇ ಗೆದ್ದಿದ್ದು ಅನ್ರೋ. ಹಾಡೂ ಕೇಳ್ತೀನಿ, ಮಗ್ಗಾನೂ ಕಾಯ್ತೀನಿ."

"ಏನೇ ಅನ್ನಣ್ಣ," ಎಂದ ಲೋಹಿತ. "ಮುಂದೆ ಎಂಥೆಂಥ ಹೆಡ್‌ಫೋನ್ ಬರ್ತಾವೆ ನೋಡು. ರೆಕಾರ್ಡು ಯಾವ್ದು, ನಿಜ ಯಾವ್ದು ಅಂತ ನಿನ್ನಂಥೋನಿಗೂ ತಿಳಿಯಲ್ಲ."

ದೊಡ್ಡಪಾಲಯ್ಯನಿಗೆ ಅದು ಚುಚ್ಚಿತು. "ನನಗಾ? ಮರದ ಸದ್ದು ಮರದ್ದೇ ಕಣಲೇ, ಅದು ತಂತಿಯಾಗೆ ಬರಲ್ಲ. ಕೇಳಿಲ್ಲಿ." ಕೋಣೆಯ ಕಡೆ ಬೆರಳು ಮಾಡಿದ. "ಆ ತುಳಿಯೋದ್ರಾಗೆ ಅವಳ ಸಿಟ್ಟು ಕೇಳ್ತೈತಾ? ಆ ಹಲಗೆ ಬಡಿಯೋದ್ರಾಗೆ ಹಟ ಕೇಳ್ತೈತಾ? ಇದನ್ನ ಯಾವ ಮಿಷನ್ ಹಿಡೀತೈತೆ ತಗೊಂಬಾ ನೋಡಾನ!"

ಮೂವರೂ ಕಿವಿಗೊಟ್ಟರು. ಟಕ್ಕ-ಟಕ, ಟಕ್ಕ-ಟಕ. "ಹೌದಪ್ಪ, ಜೀವ ಐತೆ," ಎಂದು ಮಹಾಂತೇಶ ತಲೆದೂಗಿದ. ಚಿನ್ನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ, ಮಗ್ಗದ ಸದ್ದಿನ ನಡುವೆಯೇ, ಕೋಣೆಯೊಳಗಿಂದ ಒಂದು ಗಂಡಸಿನ ದನಿ ಕೇಳಿತು. ಒರಟು, ಮೂಗಿನಲ್ಲಿ ಎಳೆಯುವ ದನಿ.

"ನೀರು ತಾರೇ! ಎಷ್ಟೊತ್ತು?"

ದೊಡ್ಡಪಾಲಯ್ಯ ಹೆಡ್‌ಫೋನ್ ಕಿತ್ತೆಸೆದು ಎದ್ದ. "ಯಾವನೋ ಅವನು?"

"ಅಣ್ಣ, ಅದು..." ಲೋಹಿತ ಬಾಯಿ ತೆರೆದ. ಅವನ ಮುಖ ಒಂದು ಥರವಾಗಿತ್ತು.

"ಸುಮ್ನಿರಲೇ! ಹಿತ್ತಲ ಬಾಗ್ಲಾಗೆ ಯಾವನ್ನೋ ಬಿಟ್ಕೊಂಡವ್ಳೆ. ಓಟಕ್ಕೆ ಬ್ಯಾಡ ಅಂದಿದ್ಕೆ ಇದಾ?"

ಚಿನ್ನಕ್ಕ ಬಾಗಿಲಿಗೆ ಅಡ್ಡ ನಿಂತಳು. ಈ ಮನೆಗೆ ಕಾಲಿಟ್ಟ ಮೇಲೆ ಗಂಡನಿಗೆ ಹಾಗೆ ಅಡ್ಡ ನಿಂತದ್ದು ಅದೇ ಮೊದಲು. "ಮಾರಮ್ಮನ ಆಣೆ, ಒಳಗೆ ಯಾವ ಗಂಡಸೂ ಇಲ್ಲ."

"ನಾನು ಕೇಳಿದೀನಿ ಕಣೇ! ನನ್ನ ಕಿವಿ ಸುಳ್ಳಾ, ನಿನ್ನ ಬಾಯಿ ಸುಳ್ಳಾ?"

"ನೀವೇ ನೋಡ್ಕಳಿ," ಎಂದು ಅವಳು ಸರಿದಳು.

ಅವನು ಬಾಗಿಲು ಒದ್ದ. ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿತ್ತು. ಮಗ್ಗದ ಮುಂದೆ ಯಾರೂ ಇರಲಿಲ್ಲ. ಕಾಲಿಳಿಬಿಡುವ ಕುಣಿಯಲ್ಲಿ ಒಂದು ಮಣ್ಣಿನ ಗಡಿಗೆ ಮಲಗಿತ್ತು. ಗಡಿಗೆಯೊಳಗೆ, ತಗಡಿನ ಸದ್ದೆಂದು ಅವನೇ ಮೂಲೆಗೆ ಎಸೆದಿದ್ದ ಹಳೇ ಟೇಪ್‌ರೆಕಾರ್ಡರು ತಿರುಗುತ್ತ ಟಕ್ಕ-ಟಕ ಎನ್ನುತ್ತಿತ್ತು.

"ಅದು ನಿಮ್ದೇ ದನಿ ಕಣ್ರಿ, ಮೊನ್ನೇದು," ಎಂದಳು ಬೆನ್ನ ಹಿಂದೆ ಚಿನ್ನಕ್ಕ. "ರೂಪ ಮೊದಲ್ನೇ ಬಸ್ಸಿಗೇ ಹೋದ್ಳು; ಇಷ್ಟೊತ್ತಿಗೆ ದುರ್ಗದಾಗೆ ಓಡ್ತಾ ಇರ್ತಾಳೆ."