ಈರುಳ್ಳಿಯ ಹದ

ಹೋದ ತಿಂಗಳು ಈರುಳ್ಳಿ ಸೀದುಹೋಗಿದ್ದಕ್ಕೆ ಗಂಡ ಕಾದ ಸೌಟನ್ನೇ ವಾರಿಜಾಳ ತೋಳಿಗೆ ಒತ್ತಿ ಹಿಡಿದಿದ್ದ. ಇವತ್ತು ಮತ್ತೆ ಅವನ ಗೆಳೆಯರು ಹೆಂಡತಿಯರ ಸಮೇತ ಬರುವವರಿದ್ದರು.

"ಈ ಸಲ ಸೀಯ್ಸಿದ್ರೆ ಸೌಟಲ್ಲ, ಬಾಣಲೇನೇ ಮುಖಕ್ಕೆ ಬರತ್ತೆ."

ಅವಳು ಆ ಸೆಕೆಯಲ್ಲೂ ತುಂಬುತೋಳಿನ ರವಿಕೆ ತೊಟ್ಟಳು. ಸಣ್ಣ ಉರಿಯಲ್ಲಿ ಈರುಳ್ಳಿಯನ್ನು ಕಂದುಬಣ್ಣಕ್ಕೆ ಹುರಿದು ಗಟ್ಟಿ ಮೊಸರಿಗೆ ಕಲಸಿಟ್ಟಳು.

ಬಂದವರು ಚಿಪ್ಸ್ ಅದ್ದಿಕೊಂಡು ಬಾಯಿ ಚಪ್ಪರಿಸಿದರು.

"ನಾನೇ ಕಲಿಸಿದ್ದು ಕಣ್ರೋ!" ಗಂಡ ಬೀಗಿದ.

ಗೆಳೆಯನೊಬ್ಬನ ಹೆಂಡತಿ ಕೇಳಿದಳು: "ಅಕ್ಕಾ, ಈರುಳ್ಳಿ ಯಾವ ಬಣ್ಣ ಬರೋ ತನಕ ಹುರೀಬೇಕು?"

"ಅದನ್ನೂ ಇವರೇ ತೋರಿಸ್ಕೊಟ್ಟಿದಾರೆ," ಎನ್ನುತ್ತ ವಾರಿಜಾ ಎಲ್ಲರ ನಡುವೆ ಬಂದು ನಿಂತು, ರವಿಕೆಯ ತೋಳನ್ನು ಮೇಲಕ್ಕೆಳೆದಳು. "ಇಗೋ, ಈ ಬಣ್ಣ."