ಚಿಲ್ಲರೆ ಜನ

ಹೆರಿಗೆ ವಾರ್ಡಿನ ಆಯಾ ದುರುಗಮ್ಮ ಕೂಸನ್ನು ಒರೆಸಿ ಅದರ ಅಜ್ಜಿಯ ಕೈಗಿಟ್ಟಳು. ಮುದುಕಿ ಹಳೇ ರೂಢಿಯಂತೆ ನೂರು ರೂಪಾಯಿ ಚಾಚಿದಳು. ದುರುಗಮ್ಮನ ಬಾಯಿ ಬೇಡವೆಂದರೂ ಕೈ ಅಭ್ಯಾಸಬಲದಿಂದ ನೋಟನ್ನು ಹಿಡಿದುಬಿಟ್ಟಿತು. ಬಾಗಿಲಲ್ಲೇ ನಿಂತಿದ್ದ ಲಂಚ ನಿಗ್ರಹ ದಳದ ಇನ್‌ಸ್ಪೆಕ್ಟರ್ ಮಧುಕೇಶ್ವರ ಅದನ್ನು ನೋಡಿದ.

ಹೊಸ ಕಾನೂನು ಬಂದು ವರ್ಷವಾಗಿತ್ತು. ಹತ್ತು ಲಕ್ಷ ದಾಟಿ ತಗೊಂಡರೆ ಅದು ಬಂಡವಾಳ, ದೇಶದ ಸಂಪತ್ತಿನ ಲೆಕ್ಕಕ್ಕೆ ಸೇರುತ್ತದೆ. ಅದಕ್ಕಿಂತ ಕಡಿಮೆಯಾದರೆ ಲಂಚ. ಅಂದಿನಿಂದ ದೇಶ ಸಿರಿವಂತವಾಗಿತ್ತು, ಭ್ರಷ್ಟರೆಲ್ಲ ಬಡವರೇ ಆಗಿದ್ದರು. ಈ ಆಸ್ಪತ್ರೆ ಕಟ್ಟುವಾಗ ಎರಡು ಕೋಟಿ ನುಂಗಿದ ಮಹನೀಯರ ಫೋಟೋ ಸೋರುವ ಗೋಡೆಯ ಮೇಲೆ ನಗುತ್ತಿತ್ತು. ಅದನ್ನು ದಿನಾ ಒರೆಸುವವಳೂ ದುರುಗಮ್ಮನೇ.

"ಸಾಹೇಬ್ರೇ, ಮಗು ಹುಟ್ಟಿದ ಖುಷಿಗೆ ಕೊಟ್ಟಿದ್ದು," ಎಂದಳು.

"ಬರೀ ನೂರು ರೂಪಾಯಿ! ದೇಶ ಹಾಳಾಗೋದೇ ನಿಮ್ಮಂಥ ಚಿಲ್ಲರೆ ಜನರಿಂದ."

ಈ ಕೆಲಸ ಹೋದರೆ ಹಾಸಿಗೆ ಹಿಡಿದ ಗಂಡನ ಮಾತ್ರೆಗೂ ಗತಿಯಿರಲಿಲ್ಲ. ದುರುಗಮ್ಮ ಕಿವಿಯೋಲೆ ಬಿಚ್ಚಿ ಅಂಗೈಯಲ್ಲಿ ಹಿಡಿದಳು. "ಇದನ್ನ ಇಟ್ಕೊಂಡು ಬಿಟ್ಬಿಡಿ ಸ್ವಾಮಿ. ತಾಳಿ ಬಿಟ್ರೆ ನನ್ನ ಹತ್ರ ಇರೋ ಚಿನ್ನ ಇಷ್ಟೇ."

ಮಧುಕೇಶ್ವರ ಹಾವು ಕಂಡವನಂತೆ ಹಿಂದೆ ಸರಿದ. "ಛೀ! ಇಷ್ಟು ಕಡಿಮೆ ತಗೊಂಡ್ರೆ ಲಂಚ ಆಗುತ್ತಮ್ಮ. ನಾನು ಇವತ್ತಿನವರೆಗೂ ಲಂಚ ಮುಟ್ಟಿದೋನಲ್ಲ."

ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಮೆತ್ತಗೆ ಕೇಳಿದ:

"ಅದಿರ್ಲಿ, ಸ್ವಂತ ಮನೆ ಇದೆಯಾ?"