ಶುಕ್ರವಾರ ತೊಟ್ಟ ಯೂನಿಫಾರ್ಮ್

ಬಿಸಿ ಇಸ್ತ್ರಿಪೆಟ್ಟಿಗೆಯ ವಾಸನೆಗೆ ಈಗಲೂ ನನ್ನ ತಲೆ ತಗ್ಗುತ್ತದೆ.

ಸುನಂದಾಳನ್ನು ಅಮ್ಮ ಊರಿನಿಂದ ಕೊಲ್ಲಿ ದೇಶದ ಅಜೈಬಾದಲ್ಲಿದ್ದ ನಮ್ಮ ಫ್ಲಾಟಿಗೆ ಮನೆಗೆಲಸಕ್ಕೆ ಕರೆತಂದಿದ್ದರು. ನನ್ನದೇ ವಯಸ್ಸು. "ಮನೆ ಮಗಳ ಹಾಗೇ ಇದ್ದಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಅಪ್ಪ ಗಾಬರಿಯಿಂದ ಫೋನ್ ಇಟ್ಟರು. "ಸಣ್ಣ ಮಕ್ಕಳನ್ನು ಕೆಲಸಕ್ಕಿಟ್ಟವರನ್ನು ಹಿಡಿಲಿಕ್ಕೆ ಆಫೀಸರ್ ಬರ್ತಾರಂತೆ!" ಅಮ್ಮ ಅವಳ ಕೈಯಿಂದ ನೆಲ ಒರೆಸುವ ಬಟ್ಟೆ ಕಸಿದು, ನನ್ನ ಯೂನಿಫಾರ್ಮ್ ತೊಡಿಸಿ, ಸೋಫಾದಲ್ಲಿ ನನ್ನ ಪಕ್ಕ ಕೂರಿಸಿದರು. ಅವಳು ಸ್ಕರ್ಟಿನ ನೆರಿಗೆ ಸವರುತ್ತಲೇ ಇದ್ದಳು.

ಯಾರೂ ಬರಲಿಲ್ಲ. "ಇವತ್ತು ಶುಕ್ರವಾರ ಮಾರಾಯ್ತಿ, ಆಫೀಸೂ ಇಲ್ಲ, ಶಾಲೆಯೂ ಇಲ್ಲ!" ಎಂದು ಅಪ್ಪ ನಕ್ಕರು. ನಾನೂ ನಕ್ಕೆ.

"ಸ್ವಲ್ಪ ಹೊತ್ತು ಹಾಕ್ಕೊಂಡಿರ್ಲಾ ಅಮ್ಮ?" ಎಂದಳು ಸುನಂದಾ.

"ಇವಳಿಗೆ ಶಾಲೆಗೆ ಬೇಕಲ್ಲ" ಎಂದರು ಅಮ್ಮ.

ಅವಳು ಅದನ್ನು ಬಿಚ್ಚಿ, ಇಸ್ತ್ರಿ ಮಾಡಿ, ನನ್ನ ಕಪಾಟಿನಲ್ಲಿಟ್ಟಳು.